ಹಲ್ಲಿನ ಕ್ಲೀನಿಂಗ್ ಮತ್ತು ಮರುತಪಾಸಣೆಯ ಅವಧಿಯನ್ನು ತಪ್ಪಾಗಿ ನಿಗದಿಪಡಿಸಿ, ತಪ್ಪಾಗಿ ತಿಳಿಸಿದ ಬಗ್ಗೆ ದೂರು

ಮೈಸೂರು
ದಿನಾಂಕ: 22 ಸೆಪ್ಟೆಂಬರ್ 2025

ಗೆ,
ವ್ಯವಸ್ಥಾಪಕರು ಹಾಗೂ ಮುಖ್ಯ ದಂತವೈದ್ಯರು,
ದಂತ ಚಿಕಿತ್ಸಾಲಯ, ಮೈಸೂರು.

ಮಾನ್ಯರೇ,

2024ರ ಜನವರಿಯಿಂದ ತಮ್ಮ ಚಿಕಿತ್ಸಾಲಯದ ಫ್ಯಾಮಿಲಿ ಪ್ಯಾಕೇಜಿನಲ್ಲಿ ನನ್ನ ತಾಯಿ, ನಾನು ಮತ್ತು ನನ್ನ ಮಗಳು ಮೂವರೂ ಹೆಸರು ನೋಂದಾಯಿಸಿದ್ದೇವೆ. ಈ ಇಪ್ಪತ್ತು ತಿಂಗಳಲ್ಲಿ ನಮ್ಮಲ್ಲಿ ಯಾರು ಎಷ್ಟು ದಿನಕ್ಕೊಮ್ಮೆ ಬರಬೇಕು ಎಂಬುದನ್ನು ತಮ್ಮ ಸಂಸ್ಥೆ ನಿರ್ಧರಿಸಿದ ರೀತಿ ಮತ್ತು ಅದನ್ನು ನಮಗೆ ತಿಳಿಸಿದ ರೀತಿ ಎರಡರ ಬಗ್ಗೆಯೂ ನನ್ನ ಆಕ್ಷೇಪವಿದೆ. ಚಿಕಿತ್ಸೆ ನೀಡಿದ ವೈದ್ಯರ ಕೈಗುಣದ ಬಗ್ಗೆ ನನ್ನ ದೂರಿಲ್ಲ. ಅವರು ಸರಿಯಾಗಿ ಹೇಳಿದ್ದನ್ನು ತಮ್ಮ ಕೌಂಟರು, ಕಾರ್ಡು ಮತ್ತು ಮೊಬೈಲ್ ಸಂದೇಶಗಳು ಬೇರೆಯಾಗಿ ತಿಳಿಸಿದವು ಎಂಬುದೇ ನನ್ನ ದೂರು.

ನನ್ನ ತಾಯಿಗೆ ಈಗ 67 ವರ್ಷ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. 2024ರ ಜನವರಿ 18ರಂದು ಮೊದಲ ಸಲ ತಮ್ಮಲ್ಲಿಗೆ ಬಂದಾಗ ತುಂಬಿಕೊಟ್ಟ ಅರ್ಜಿಯಲ್ಲೇ ಅದನ್ನು ಬರೆದಿದ್ದೆವು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಆಗ 8.4 ಇದ್ದ ವರದಿಯನ್ನೂ ಲಗತ್ತಿಸಿದ್ದೆವು. ಅಂದು ನೋಡಿದ ವೈದ್ಯೆ ಬಹಳ ತಾಳ್ಮೆಯಿಂದ ಪ್ರತಿ ಹಲ್ಲಿನ ಸುತ್ತ ಅಳತೆ ಕಡ್ಡಿಯಿಟ್ಟು ಪರೀಕ್ಷಿಸಿ, ಕೆಳದವಡೆಯ ಹಿಂದಿನ ಹಲ್ಲುಗಳಲ್ಲಿ ವಸಡು ಹಲ್ಲಿನಿಂದ ಬಿಟ್ಟುಕೊಂಡು 5ರಿಂದ 6 ಮಿಲಿಮೀಟರ್ ಆಳದ ಸಂದುಗಳಾಗಿವೆ ಎಂದು ತೋರಿಸಿದರು. ಎರಡು ಸಲ ಕರೆಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡಿನ ಒಳಗಿನ ಗಟ್ಟಿ ಪಾಚಿಯನ್ನೆಲ್ಲ ತೆಗೆದರು. ಮುಗಿದ ಮೇಲೆ ಅವರು ಹೇಳಿದ ಮಾತು ನನಗೆ ಈಗಲೂ ನೆನಪಿದೆ: "ಅಮ್ಮಾ, ನೀವು ಮೂರು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಿರಬೇಕು." ಆದರೆ ಹೊರಗೆ ಕೌಂಟರಿನಲ್ಲಿ ಕೊಟ್ಟ ಕಾರ್ಡಿನಲ್ಲಿ ಮುಂದಿನ ಭೇಟಿ ಎಂಬಲ್ಲಿ 2024ರ ಜುಲೈ 18 ಎಂದು ಬರೆದಿತ್ತು. ಡಾಕ್ಟರು ಮೂರು ತಿಂಗಳು ಎಂದರಲ್ಲ ಎಂದು ನಾನು ಕೇಳಿದ್ದಕ್ಕೆ, ಆರು ತಿಂಗಳೇ ಎಲ್ಲರಿಗೂ ಇರುವ ನಿಯಮ, ಅದಕ್ಕೆ ಮೊದಲೇ ಬರಬೇಕಿದ್ದರೆ ಮೆಸೇಜ್ ಬರುತ್ತದೆ ಎಂಬ ಉತ್ತರ ಸಿಕ್ಕಿತು. ನಂಬಿ ಹೊರಟುಬಂದೆವು. ಏಪ್ರಿಲ್‌ನಲ್ಲಿ ತಾಯಿಗೆ ಯಾವ ಸಂದೇಶವೂ ಬರಲಿಲ್ಲ.

ಜುಲೈ 18ರಂದು ಹೇಳಿದ ದಿನಕ್ಕೇ ಹೋದೆವು. ಆ ವೇಳೆಗೆ ಮೊದಲಿನ ವೈದ್ಯೆ ಇರಲಿಲ್ಲ. ಹೊಸಬರು ಮೇಲೆ ಮೇಲಷ್ಟೇ ಕ್ಲೀನಿಂಗ್ ಮಾಡಿದರು. ವಸಡಿನ ಅಳತೆ ತೆಗೆಯಲಿಲ್ಲ. ಈ ಸಲ ಕಾರ್ಡಿನಲ್ಲಿ 2025ರ ಜುಲೈ ಎಂದು ಬರೆದರು. ಕಾರಣ ಕೇಳಿದರೆ, ಪ್ಯಾಕೇಜಿನಲ್ಲಿ ವರ್ಷಕ್ಕೆ ಒಂದೇ ಉಚಿತ ಕ್ಲೀನಿಂಗ್ ಇರುವುದು, ಅದು ಈಗ ಮುಗಿಯಿತು ಎಂದರು. ಅಂದರೆ ನನ್ನ ತಾಯಿಯ ವಸಡಿನ ಸ್ಥಿತಿ ನಿರ್ಧರಿಸಬೇಕಿದ್ದ ಅವಧಿಯನ್ನು ಪ್ಯಾಕೇಜಿನ ಲೆಕ್ಕ ನಿರ್ಧರಿಸಿತು.

2025ರ ಮೇ ತಿಂಗಳ ಕೊನೆಯಲ್ಲಿ ತಾಯಿಯ ಎಡಗಡೆಯ ವಸಡು ಬಾತು ಕೀವಾಯಿತು. ಜೂನ್ 3ರಂದು ತಮ್ಮಲ್ಲಿಗೇ ಕರೆತಂದಾಗ ಎರಡು ದವಡೆ ಹಲ್ಲುಗಳು ಪೂರ್ತಿ ಅಲುಗಾಡುತ್ತಿದ್ದುದರಿಂದ ಕೀಳಬೇಕಾಯಿತು. ಆ ಹಲ್ಲುಗಳನ್ನು ಖಂಡಿತ ಉಳಿಸಬಹುದಿತ್ತು ಎಂದು ನಾನು ವಾದಿಸುತ್ತಿಲ್ಲ, ಹಾಗೆ ಹೇಳುವಷ್ಟು ವಿದ್ಯೆ ನನಗಿಲ್ಲ. ನನ್ನ ಮನಸ್ಸನ್ನು ಕಲಕಿದ್ದು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಅವರಿಗೆ ತಮ್ಮ ಸಿಬ್ಬಂದಿ ಆಡಿದ ಮಾತು: "ಇಷ್ಟು ತಡ ಮಾಡಿದ್ದೀರಲ್ಲ, ಮೊದಲೇ ಬರಬೇಕಿತ್ತು." ನನ್ನ ತಾಯಿ ಮೂರು ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಹೋಗುವ ದಿನವನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲೇ, ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುವವರು, ಇಷ್ಟು ವರ್ಷಗಳಲ್ಲಿ ಒಂದು ಸಲವೂ ತಪ್ಪಿಸಿದವರಲ್ಲ. ತಾವು ಕೊಟ್ಟ ಎರಡು ತಾರೀಖುಗಳೂ ಅದೇ ಕೆಂಪು ಶಾಯಿಯಲ್ಲಿ ಅಲ್ಲಿದ್ದವು. ಅಂದು ಮನೆಗೆ ಬರುವಾಗ ಆಟೋದಲ್ಲಿ ಅವರು ಹತ್ತಿಯನ್ನು ಕಚ್ಚಿಕೊಂಡೇ, "ನಾನೇ ತಡ ಮಾಡಿಬಿಟ್ಟೆನೇನೋ" ಎಂದು ಎರಡು ಬಾರಿ ಕೇಳಿದರು. ತಡ ಮಾಡಿದವರು ಅವರಲ್ಲ. ಇದನ್ನು ತಾವು ಲಿಖಿತವಾಗಿ ಒಪ್ಪಿಕೊಳ್ಳಬೇಕೆಂಬುದು ನನ್ನ ಮೊದಲ ಕೋರಿಕೆ.

ಮತ್ತೊಬ್ಬ ವಸಡು ತಜ್ಞರ ಅಭಿಪ್ರಾಯ ಪಡೆಯಲೆಂದು ಕಡತದ ಪ್ರತಿಯನ್ನು ಕೇಳಿದಾಗ ತಾವು ಕೊಟ್ಟ ಹಾಳೆಗಳಲ್ಲಿ 2024ರ ಜನವರಿಯ ಟಿಪ್ಪಣಿಯ ಕೊನೆಗೆ "ಮರುತಪಾಸಣೆ: 3 ತಿಂಗಳು" ಎಂಬುದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಇದೆ. ಆ ಒಂದು ಸಾಲು ಕಡತದಿಂದ ಕೌಂಟರಿಗೆ ಬರುವ ಹತ್ತು ಹೆಜ್ಜೆಯ ದಾರಿಯಲ್ಲಿ ಕಳೆದುಹೋಯಿತು.

ಇದೇ ಅವಧಿಯಲ್ಲಿ ನನ್ನ ಮಗಳಿಗೆ ಆದದ್ದು ಇದಕ್ಕೆ ತದ್ವಿರುದ್ಧ. ಅವಳಿಗೆ 22 ವರ್ಷ; ಒಂದೂ ಹುಳುಕಿಲ್ಲ, ವಸಡಿನಲ್ಲಿ ರಕ್ತ ಬರುವುದಿಲ್ಲ, ಯಾವ ಕಾಯಿಲೆಯೂ ಇಲ್ಲ. ಆದರೆ ಅವಳ ಮೊಬೈಲಿಗೆ ಮೂರು ತಿಂಗಳಿಗೊಮ್ಮೆ "ನಿಮ್ಮ ಕ್ಲೀನಿಂಗ್ ಅವಧಿ ಮೀರಿದೆ" ಎಂಬ ಇಂಗ್ಲಿಷ್ ಸಂದೇಶವೂ ಅದರ ಕೆಳಗೇ ರಿಯಾಯಿತಿಯ ಜಾಹೀರಾತೂ ಬರುತ್ತಿದ್ದವು. ಹೆದರಿ ಎರಡು ಬಾರಿ ಹೋಗಿ ತಲಾ 900 ರೂಪಾಯಿ ಕೊಟ್ಟು ಕ್ಲೀನಿಂಗ್ ಮಾಡಿಸಿಕೊಂಡಳು. ಮೂರನೆಯ ಸಲ ಹೋದಾಗ ತಮ್ಮ ವೈದ್ಯರೇ, ತೆಗೆಯಲು ಏನೂ ಇಲ್ಲ, ನೀನು ಇಷ್ಟು ಬೇಗ ಬರಬೇಕಿರಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿ ಕಳುಹಿಸಿದರು. ಅವರಿಗೆ ನನ್ನ ಕೃತಜ್ಞತೆಗಳು. ಆದರೂ ಮುಂದಿನ ತಿಂಗಳೇ ಅವಧಿ ಮೀರಿದೆ ಎಂಬ ಸಂದೇಶ ಮತ್ತೆ ಬಂತು.

ಜೂನ್‌ನಲ್ಲಿ ದೂರವಾಣಿಯಲ್ಲಿ ಈ ವಿಷಯ ಎತ್ತಿದಾಗ ತಮ್ಮ ವ್ಯವಸ್ಥಾಪಕರು, ಆರು ತಿಂಗಳಿಗೊಮ್ಮೆ ಎಂಬುದು ಪ್ರಪಂಚದಾದ್ಯಂತ ಇರುವ ನಿಯಮ ಎಂದರು. ಆ ಮಾತು ನಿಜವೇ ಎಂದು ನಾನು ಓದಿ ನೋಡಿದೆ. ಇಂಗ್ಲೆಂಡಿನಲ್ಲಿ ಆರೋಗ್ಯ ಸೇವೆಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2004ರಲ್ಲೇ ಎಲ್ಲರಿಗೂ ಒಂದೇ ಅವಧಿ ಎಂಬುದನ್ನು ಬಿಟ್ಟು, ವಯಸ್ಕರಿಗೆ 3ರಿಂದ 24 ತಿಂಗಳು, 18 ತುಂಬದವರಿಗೆ 3ರಿಂದ 12 ತಿಂಗಳ ವ್ಯಾಪ್ತಿಯಲ್ಲಿ, ಆಯಾ ರೋಗಿಯ ಅಪಾಯವನ್ನು ಅಳೆದು ವೈದ್ಯರು ಅವಧಿ ನಿಗದಿಪಡಿಸಬೇಕು ಎಂದು ಹೇಳಿದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆಯ ಪ್ರಕಾರ, ವಸಡಿನ ತೀವ್ರ ಕಾಯಿಲೆ ಇಲ್ಲದೆ ನಿಯಮಿತವಾಗಿ ದಂತವೈದ್ಯರಲ್ಲಿಗೆ ಹೋಗುವ ವಯಸ್ಕರಲ್ಲಿ, ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಕ್ಲೀನಿಂಗ್ ಮಾಡಿಸಿದವರಿಗೂ ನಿಗದಿತವಾಗಿ ಮಾಡಿಸದವರಿಗೂ ಎರಡು ಮೂರು ವರ್ಷಗಳಲ್ಲಿ ವಸಡಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ನನ್ನ ಮಗಳಂಥವರ ಮಾತು. ನನ್ನ ತಾಯಿಯ ಮಾತೇ ಬೇರೆ. ವಸಡಿನ ಸಂದು ಆಳವಾಗಿರುವವರಲ್ಲಿ ಒಳಗಿನ ಪಾಚಿ ತೆಗೆದ ಕೆಲವೇ ವಾರ, ತಿಂಗಳುಗಳಲ್ಲಿ ಬ್ಯಾಕ್ಟೀರಿಯಾ ಮತ್ತೆ ನೆಲೆಯೂರುತ್ತವೆ. ಆ ಜಾಗಕ್ಕೆ ಬ್ರಷ್ ತಲುಪುವುದಿಲ್ಲ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ಕಾಯಿಲೆ ಉಲ್ಬಣಿಸುತ್ತದೆ, ವಸಡಿನ ಸೋಂಕು ಸಕ್ಕರೆಯ ಹತೋಟಿಯನ್ನೂ ಕೆಡಿಸುತ್ತದೆ. ಆದ್ದರಿಂದಲೇ ಇಂಥವರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಎಂದು ಹೇಳುವುದು ಎಂದು ನಂತರ ನೋಡಿದ ವಸಡು ತಜ್ಞರು ನಮಗೆ ವಿವರಿಸಿದರು. ವಿದೇಶದ ಮಾರ್ಗಸೂಚಿಗಳು ತಮ್ಮನ್ನು ಕಟ್ಟಿಹಾಕುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ತಮ್ಮದೇ ವೈದ್ಯೆ ಬರೆದ ಟಿಪ್ಪಣಿ ತಮ್ಮನ್ನು ಕಟ್ಟಿಹಾಕಬೇಕಲ್ಲವೇ?

ನಮ್ಮ ಕಡೆ ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಂಬಿ ದಂತವೈದ್ಯರ ಬಾಗಿಲಿಗೇ ಹೋಗದ ಹಿರಿಯರು ಬಹಳ ಮಂದಿ ಇದ್ದಾರೆ. ನನ್ನ ತಾಯಿಯನ್ನು ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ಈಗ ಅವರ ಓರಗೆಯವರು, "ನೋಡಿದೆಯಾ, ಕ್ಲೀನ್ ಮಾಡಿಸಿದ್ದಕ್ಕೇ ಎರಡು ಹಲ್ಲು ಹೋಯಿತು" ಎನ್ನುತ್ತಾರೆ. ಅದು ಸರಿಯಲ್ಲ ಎಂದು ನಾನು ಎಷ್ಟು ಹೇಳಿದರೂ ಅವರ ಕಣ್ಣೆದುರಿಗೆ ಇರುವುದು ಖಾಲಿ ಜಾಗ ಮಾತ್ರ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ವೈದ್ಯರು ಪ್ರತಿ ತಪಾಸಣೆಯ ಕೊನೆಗೆ ರೋಗಿಯ ಮುಂದಿನ ಅವಧಿಯನ್ನೂ ಅದಕ್ಕೆ ಕಾರಣವನ್ನೂ ತಾವೇ ಬರೆದು ಸಹಿ ಮಾಡಿ, ಆ ಚೀಟಿಯನ್ನು ರೋಗಿಗೆ ಓದಲು ಬರುವ ಭಾಷೆಯಲ್ಲಿ ಕೈಗೆ ಕೊಡುವ ವ್ಯವಸ್ಥೆಯಾಗಬೇಕು. ತಪಾಸಣೆ ಬೇರೆ, ಕ್ಲೀನಿಂಗ್ ಬೇರೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಒಬ್ಬರಿಗೆ ತಪಾಸಣೆ ಬೇಕಾಗಿ ಕ್ಲೀನಿಂಗ್ ಬೇಡವಾಗಿರಬಹುದು. ಕೌಂಟರಿನವರಿಗೆ ಆ ತಾರೀಖನ್ನು ಬದಲಿಸುವ ಅಧಿಕಾರ ಇರಬಾರದು. ವೈದ್ಯರು ಬದಲಾದರೆ ಹೊಸಬರು ಹಿಂದಿನ ಟಿಪ್ಪಣಿ ಓದಿ, ಅವಧಿಯನ್ನು ಬದಲಿಸಿದರೆ ಏಕೆ ಬದಲಿಸಿದೆ ಎಂದು ಬರೆಯಬೇಕು. ನೆನಪಿನ ಸಂದೇಶದ ಜೊತೆ ರಿಯಾಯಿತಿಯ ಜಾಹೀರಾತನ್ನು ಸೇರಿಸಲೇಬಾರದು, ಏಕೆಂದರೆ ಎರಡೂ ಒಟ್ಟಿಗೆ ಬಂದಾಗ ನಿಜವಾಗಿ ಬರಬೇಕಾದವರು ಅದನ್ನು ವ್ಯಾಪಾರವೆಂದು ಅಳಿಸಿಹಾಕುತ್ತಾರೆ, ಬರಬೇಕಿಲ್ಲದವರು ಹೆದರಿ ಹಣ ತೆರುತ್ತಾರೆ.

ನಮ್ಮ ಮಟ್ಟಿಗೆ ಹೇಳುವುದಾದರೆ, ನನ್ನ ಮಗಳು ತೆತ್ತ 1,800 ರೂಪಾಯಿಯನ್ನು ಹಿಂದಿರುಗಿಸಬೇಕು, ತಾಯಿಯ ಕಡತದಲ್ಲಿ 2025ರ ಜೂನ್ 3ರ ಟಿಪ್ಪಣಿಯಲ್ಲಿರುವ "ರೋಗಿ ತಡವಾಗಿ ಬಂದಿದ್ದಾರೆ" ಎಂಬ ಮಾತಿನ ಪಕ್ಕದಲ್ಲಿ, ಚಿಕಿತ್ಸಾಲಯ ಕೊಟ್ಟ ತಾರೀಖಿಗೂ ಮೊದಲೇ ಬಂದಿದ್ದಾರೆ ಎಂಬ ತಿದ್ದುಪಡಿಯನ್ನು ದಿನಾಂಕ ಸಹಿತ ಸೇರಿಸಬೇಕು. ಎರಡು ಕಾರ್ಡುಗಳ, ಕಡತದ ಹಾಳೆಗಳ ಮತ್ತು ಮೊಬೈಲ್ ಸಂದೇಶಗಳ ಪ್ರತಿಗಳನ್ನು ಇದರೊಂದಿಗೆ ಇರಿಸಿದ್ದೇನೆ. ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೂ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸಬೇಕಾಗುತ್ತದೆ. ಹಾಗೆ ಮಾಡುವ ಮನಸ್ಸು ನನಗೆ ಇಲ್ಲ. ಆದರೆ ಮಾಡಲು ಹಿಂಜರಿಯುವುದಿಲ್ಲ.

ತಾಯಿಯ ಮುಂದಿನ ತಪಾಸಣೆ ಈಗ ಬೇರೆ ವೈದ್ಯರಲ್ಲಿ ಅಕ್ಟೋಬರ್ 28ಕ್ಕೆ ಗೊತ್ತಾಗಿದೆ. 2024ರ ಜನವರಿಯಲ್ಲಿ ತೆಗೆದ ವಸಡಿನ ಅಳತೆಯ ಪೂರ್ಣ ಪಟ್ಟಿ ನಮಗೆ ಕೊಟ್ಟ ಹಾಳೆಗಳಲ್ಲಿ ಇಲ್ಲ. ಉಳಿದ ಹಲ್ಲುಗಳು ಅಂದಿನಿಂದ ಎಷ್ಟು ಬದಲಾಗಿವೆ ಎಂದು ಹೋಲಿಸಿ ನೋಡಲು ಅವರಿಗೆ ಆ ಪಟ್ಟಿ ಬೇಕಾಗಿದೆ. ಮಿಕ್ಕ ವಿಷಯಗಳಿಗೆ ತಮ್ಮ ಉತ್ತರ ತಡವಾದರೂ, ಅದನ್ನು ಮಾತ್ರ ಆ ದಿನಕ್ಕೆ ಮೊದಲೇ ತಲುಪಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
(ಸಹಿ)