ಭಾನುವಾರದ ಓದು: ಮೊದಲು ಎಲುಬು, ಆಮೇಲೆ ಉಸಿರು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಆನ್‌ಲೈನ್ ಓದು (ಕಳೆದ ಸಲ 5ಕ್ಕೇ ಬಂದು ಕಾದವರು ಗಮನಿಸಿ). ವಿಷಯ: ಯೆಹೂದಿ ಧರ್ಮದಲ್ಲಿ ನಾಡಿನ ಸ್ವಾತಂತ್ರ್ಯಕ್ಕೂ ಆತ್ಮದ ಬಿಡುಗಡೆಗೂ ಇರುವ ನಂಟು.

ಹೀಬ್ರೂ ಬೈಬಲ್ಲಿನಲ್ಲಿ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 37ನೇ ಅಧ್ಯಾಯ ಓದಿಕೊಂಡು ಬನ್ನಿ, ಚಿಕ್ಕದೇ. ಅದರ ದರ್ಶನದಲ್ಲಿ ಒಣ ಎಲುಬುಗಳಿಗೆ (ಅಂದರೆ ಆಸೆ ಕಳೆದುಕೊಂಡ ಇಸ್ರೇಲ್ ಜನಕ್ಕೆ) ಮೊದಲು ನರ, ಮಾಂಸ, ಚರ್ಮ, ಉಸಿರು ಕೊನೆಗೆ. ಆಮೇಲೆ ಯೆಹೂದ, ಯೋಸೇಫರ ಹೆಸರಿನ (ಒಡೆದುಹೋದ ಎರಡು ಇಸ್ರೇಲ್ ರಾಜ್ಯಗಳ ಗುರುತಿನ) ಎರಡು ಕೋಲು ಪ್ರವಾದಿಯ ಕೈಯಲ್ಲಿ ಒಂದಾಗುತ್ತವೆ. 1948ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳ (ಯೆಹೂದಿ ಧರ್ಮಗುರುಗಳ) ಪ್ರಾರ್ಥನೆ ಹೊಸ ದೇಶವನ್ನು ವಿಮೋಚನೆ ಮೊಳೆಯುವುದರ ಆರಂಭ ಎಂದು ಕರೆಯಿತು. ಸತ್ಮಾರ್ ಎಂಬ ಕಟ್ಟಾ ಸಂಪ್ರದಾಯದ ಯೆಹೂದಿ ಪಂಥದವರು ಒಪ್ಪಲಿಲ್ಲ: ಮೆಸ್ಸೀಯ (ಬರಲಿರುವ ವಿಮೋಚಕ) ಬರುವ ಮುನ್ನ ರಾಜ್ಯ ಕಟ್ಟುವುದೇ ತಪ್ಪು ಎಂದರು. ನನಗಂತೂ ಈ ಜಗಳವೇ ರುಚಿ.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಇವತ್ತಿನ ಯುದ್ಧದ ಫಾರ್ವರ್ಡ್‌ಗಳು ದಯವಿಟ್ಟು ಬೇಡ, ಅದಕ್ಕೆ ಬೇರೆ ದಿನ ಇಡೋಣ.