ಜೋರ್ಡಾನಿನ ಇರ್ಬಿದ್‌ನಿಂದ ಅಮ್ಮನಿಗೆ

ಅಮ್ಮ,

ನಾನು ಆರಾಮಾಗಿದ್ದೇನೆ. ಫೋನ್ ಮಾಡಿದರೆ ಊಟ ಆಯ್ತಾ, ಚಳಿ ಇದೆಯಾ ಅನ್ನುವುದರಲ್ಲೇ ನೆಟ್‌ವರ್ಕ್ ಹೋಗಿಬಿಡುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ತಂಗಿ ಗಡಿಬಿಡಿ ಮಾಡದೆ ಓದಿ ಹೇಳಲಿ. ಅಪ್ಪನೂ ಕೂತು ಕೇಳಲಿ, ಇದರಲ್ಲಿ ಅವರಿಗೂ ಒಂದು ಮಾತಿದೆ.

ಗಾರ್ಮೆಂಟ್ಸ್‌ನಲ್ಲಿ ನನ್ನ ಲೈನಿನಲ್ಲೇ ಚೆಕಿಂಗ್ ಮಾಡುವ ಇಲ್ಲಿನ ಹುಡುಗಿಯ ವಿಷಯ ಹೇಳಿದ್ದೆನಲ್ಲ, ಶುಕ್ರವಾರ ರಜೆ ದಿನ ಅವಳ ಮನೆಗೆ ಹೋಗಿದ್ದೆ. ಅವಳ ಮನೆ ಇರುವುದು ಇರ್ಬಿದ್ ಕ್ಯಾಂಪಿನಲ್ಲಿ. ಕ್ಯಾಂಪ್ ಅಂದ ಕೂಡಲೇ ಡೇರೆ ಅಂದುಕೊಳ್ಳಬೇಡ. 1948ರ ಯುದ್ಧದಲ್ಲಿ ಪ್ಯಾಲೆಸ್ಟೈನ್ ಬಿಟ್ಟು ಓಡಿ ಬಂದವರಿಗೆ ಅಂತ 1951ರಲ್ಲಿ ಮಾಡಿದ ಜಾಗ ಇದು. ಆಗ ಇದ್ದದ್ದು ನಾಲ್ಕು ಸಾವಿರ ಜನ. ಈಗ ಇಲ್ಲಿ ಹೆಸರು ಬರೆಸಿಕೊಂಡವರೇ 28 ಸಾವಿರಕ್ಕೂ ಹೆಚ್ಚು. ಜಾಗ ಮಾತ್ರ ಅಷ್ಟೇ. ಅಪ್ಪನಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಸುಮಾರು 60 ಎಕರೆ. ಅಗಲಕ್ಕೆ ಬೆಳೆಯುವ ಹಾಗಿಲ್ಲ, ಹಾಗಾಗಿ ಮಕ್ಕಳಿಗೆ ಮದುವೆ ಆದಂತೆ ಮೇಲಕ್ಕೆ ಒಂದೊಂದು ಮಹಡಿ ಏರಿಸುತ್ತಾರೆ. ತಾರಸಿಗಳಲ್ಲಿ ತುಕ್ಕು ಹಿಡಿದ ಕಂಬಿಗಳು ಹಾಗೇ ನಿಂತಿವೆ, ಮುಂದಿನ ಮಹಡಿಗೆ ಅಂತ. ಓಣಿಯಲ್ಲಿ ಎರಡೂ ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ.

ಅವಳ ಅಜ್ಜಿ ಪುದೀನ ಹಾಕಿದ ಚಹಾ ಕೊಟ್ಟರು. ಸಕ್ಕರೆ ಜಾಸ್ತಿ, ಆದರೂ ಕುಡಿದೆ. ಬಿಟ್ಟು ಬಂದ ಮನೆಯ ಕೀಲಿಯನ್ನು ಇಲ್ಲಿ ಎಷ್ಟೋ ಮನೆಗಳಲ್ಲಿ ಇನ್ನೂ ಇಟ್ಟುಕೊಂಡಿದ್ದಾರೆ. ಅಂಥದೇ ಕೀಲಿಯ ಚಿತ್ರ ಓಣಿಯ ಗೋಡೆ ಮೇಲೂ ಇತ್ತು. ನಮ್ಮಜ್ಜಿ ಇದ್ದಿದ್ದರೆ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಲಿಂಗನಮಕ್ಕಿ ನೀರಿನಲ್ಲಿ ಅವರ ಊರು ಮುಳುಗಿತು, ಇವರದು ಯುದ್ಧದಲ್ಲಿ ಹೋಯಿತು. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಮುಳುಗಡೆ ಮನೆಯವಳು ಅಂದರೆ ಏನು ಅಂತ ಆ ಅಜ್ಜಿಗೆ ಜಾಸ್ತಿ ಬಿಡಿಸಿ ಹೇಳಬೇಕಾಗಲಿಲ್ಲ.

ಕೀಲಿಯ ಪಕ್ಕದಲ್ಲಿ ಬರಿಗಾಲಿನ ಒಬ್ಬ ಪುಟ್ಟ ಹುಡುಗ, ನಮಗೆ ಬೆನ್ನು ತಿರುಗಿಸಿ ನಿಂತವನು. ಅವನ ಹೆಸರು ಹಂದಲಾ. ನಾಜಿ ಅಲ್ ಅಲಿ ಎಂಬ ವ್ಯಂಗ್ಯಚಿತ್ರಕಾರ ಬರೆದವನು. ಆತನೂ ನಿರಾಶ್ರಿತನೇ, ಲೆಬನಾನಿನ ಕ್ಯಾಂಪಿನಲ್ಲಿ ಬೆಳೆದವನು. 1987ರಲ್ಲಿ ಲಂಡನ್ನಿನಲ್ಲಿ ಗುಂಡು ಹೊಡೆದು ಕೊಂದರು. ಈ ಹುಡುಗ ಮಾತ್ರ ಯಾವ ಕ್ಯಾಂಪಿಗೆ ಹೋದರೂ ಗೋಡೆ ಮೇಲೆ ಸಿಗುತ್ತಾನಂತೆ.

ಆಗ ನನ್ನ ಗೆಳತಿ ಅಂದಳು, ‘ಗೋಡೆ ಮೇಲೆ ಕೀಲಿ ಇದೆ, ಹುಡುಗ ಇದ್ದಾನೆ, ಹುಡುಗಿ ಎಲ್ಲಿ?’ ಹಾಗೆ ಅಂದವಳೇ ಮೊಬೈಲ್ ತೆಗೆದು ಲೈಲಾ ಅಜ್ಜಾವಿ ಅನ್ನುವವಳ ಚಿತ್ರಗಳನ್ನು ತೋರಿಸಿದಳು. ಈ ಪತ್ರ ಬರೆಯಲು ಕೂತದ್ದೇ ಅವಳ ವಿಷಯ ಹೇಳಲಿಕ್ಕೆ.

ಲೈಲಾ ಇದೇ ಇರ್ಬಿದ್ ಕಡೆಯ ಪ್ಯಾಲೆಸ್ಟೈನ್ ಕ್ಯಾಂಪಿನಲ್ಲಿ ಬೆಳೆದವಳು. ಓದಿದ್ದು ಇಲ್ಲಿನ ಯರ್ಮೂಕ್ ಯೂನಿವರ್ಸಿಟಿಯಲ್ಲಿ, ಅದೂ ಬಯೋಮೆಡಿಕಲ್ ಫಿಸಿಕ್ಸ್! ಓದಿ ಮುಗಿಸಿ ಸ್ಪ್ರೇ ಡಬ್ಬಿ ಹಿಡಿದಳು. ಹೆಂಗಸರ ಹಕ್ಕಿನ ಬಗ್ಗೆ ಬೀದಿ ಗೋಡೆಗಳಲ್ಲಿ ಚಿತ್ರ ಬರೆಯುವ ‘ವಿಮೆನ್ ಆನ್ ವಾಲ್ಸ್’ ಅನ್ನುವ ಕೆಲಸ 2013ರಲ್ಲಿ ಈಜಿಪ್ಟಿನಲ್ಲಿ ಶುರುವಾಗಿ, ಆಮೇಲೆ ಇಲ್ಲಿನ ರಾಜಧಾನಿ ಅಮ್ಮಾನ್‌ಗೂ ಬಂತು. ಅದರಲ್ಲಿ ಇವಳು ಬರೆದ ಚಿತ್ರಕ್ಕೆ ‘ನನ್ನ ಬುದ್ಧಿಯನ್ನು ನೋಡಿ’ ಅಂತ ಹೆಸರು. ಹೆಣ್ಣನ್ನು ಮೇಲಿಂದ ಕೆಳಗೆ ಅಳೆಯುವ ಕಣ್ಣಿಗೆ ಕೊಟ್ಟ ಉತ್ತರ ಅದು. ಮೈ ನೋಡಿದ್ದು ಸಾಕು, ತಲೆಯಲ್ಲಿ ಏನಿದೆ ನೋಡಿ ಅಂತ.

ಇಲ್ಲಿ ಆ ಮಾತಿಗೆ ತೂಕ ಇದೆ ಅಮ್ಮ. ಈ ದೇಶದಲ್ಲಿ ಹುಡುಗಿಯರು ಚೆನ್ನಾಗಿ ಓದುತ್ತಾರೆ. ಆದರೆ ದುಡಿಮೆಗೆ ಬರುವವರು ನೂರಕ್ಕೆ ಹದಿನಾಲ್ಕು ಹದಿನೈದು ಹೆಂಗಸರು ಮಾತ್ರ. ನಮ್ಮ ಗಾರ್ಮೆಂಟ್ಸ್‌ನಲ್ಲಿ ತುಂಬಾ ಹೆಂಗಸರಿದ್ದಾರೆ ನಿಜ, ಆದರೆ ಜಾಸ್ತಿ ನಮ್ಮಂಥ ಹೊರಗಿನವರೇ, ಬಾಂಗ್ಲಾ, ನೇಪಾಳ, ಶ್ರೀಲಂಕಾದವರು. ಇನ್ನೊಂದು ಕೇಳು. ಅತ್ಯಾಚಾರ ಮಾಡಿದವನು ಆ ಹುಡುಗಿಯನ್ನೇ ಮದುವೆಯಾದರೆ ಶಿಕ್ಷೆಯಿಂದ ಪಾರಾಗಬಹುದು ಅನ್ನುವ ಕಾನೂನು ಇಲ್ಲಿ 2017ರ ತನಕ ಇತ್ತು. ಹೆಂಗಸರು ಪಾರ್ಲಿಮೆಂಟಿನ ಮುಂದೆ ನಿಂತು ಹಟ ಹಿಡಿದ ಮೇಲೆ ತೆಗೆದರು. ಹೊರದೇಶದವನನ್ನು ಮದುವೆಯಾದ ಇಲ್ಲಿನ ಹೆಂಗಸು ತನ್ನ ಮಕ್ಕಳಿಗೆ ಪೌರತ್ವ ಕೊಡಲು ಇವತ್ತಿಗೂ ಆಗುವುದಿಲ್ಲ. ಗಂಡಸಿಗಾದರೆ ಆ ತೊಂದರೆಯೇ ಇಲ್ಲ.

ಅಮ್ಮಾನಿಗೆ ಹೋದಾಗ ಜಬಲ್ ಅಲ್ ವೈಬ್ದೆ ಅನ್ನುವ ಗುಡ್ಡದ ಮೇಲಿನ ಬಡಾವಣೆಯಲ್ಲಿ ಸುತ್ತಾಡಿದೆ. ಊರಿಗೆ ಊರೇ ಬಿಳಿ ಸುಣ್ಣಕಲ್ಲಿನದು. ಕಟ್ಟಡದ ಮುಂಭಾಗಕ್ಕೆ ಕಲ್ಲು, ಚಿತ್ರಕ್ಕೆ ಸಿಗುವುದು ಗಾರೆ ಮಾಡಿದ ಪಕ್ಕದ ಗೋಡೆ, ಮೆಟ್ಟಿಲು ಸಾಲು. ಒಂದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದೆ. ದೂರದಿಂದ ನಯವಾಗಿ ಕಂಡ ಕೆನ್ನೆ ಹತ್ತಿರದಲ್ಲಿ ಬರೀ ಚುಕ್ಕೆ ಚುಕ್ಕೆ. ಗಾರೆ ಬಿರುಕಿನಲ್ಲಿ ನೀಲಿ ಬಣ್ಣ ಇಳಿದು ಗಟ್ಟಿಯಾಗಿತ್ತು. ಯಾರೋ ಮೂಲೆಯಲ್ಲಿ ಪೆನ್ನಿನಿಂದ ಫೋನ್ ನಂಬರ್ ಗೀಚಿದ್ದರು. ಗೋಡೆ ಅಂದ ಮೇಲೆ ಅದೂ ಇರಬೇಕಲ್ವಾ!

ನನಗೊಂದು ತಕರಾರೂ ಇದೆ. ವೈಬ್ದೆ ಅಂದರೆ ಕಾಫಿ ಅಂಗಡಿ, ಆರ್ಟ್ ಗ್ಯಾಲರಿಗಳ ಜಾಗ. ಅಲ್ಲಿ ಚಿತ್ರ ಇದ್ದರೆ ಫೋಟೋ ತೆಗೆಯುವವರು ಟೂರಿಸ್ಟುಗಳು. ಆ ಮಾತು ತಟ್ಟಬೇಕಾದವರು ಅತ್ತ ಹಾಯುವುದೇ ಇಲ್ಲ. ಇದನ್ನು ಹೇಳಿದ್ದಕ್ಕೆ ಗೆಳತಿ ನಕ್ಕಳು. ‘ಚಿತ್ರ ನೋಡುವವರು ಆಮೇಲೆ. ಬರೆಯುವಾಗ ನೋಡುವವರು ಮೊದಲು’ ಅಂದಳು. ಹೌದು, ಗೋಡೆ ಚಿತ್ರ ಒಂದು ಗಂಟೆಯಲ್ಲಿ ಆಗುವುದಿಲ್ಲ. ಹಗಲೆಲ್ಲ ಏಣಿ ಮೇಲೆ ನಿಲ್ಲಬೇಕು, ಬೆನ್ನ ಹಿಂದೆ ಇಡೀ ಬೀದಿ. ಕಾರು ನಿಧಾನ ಮಾಡುವವರು, ನಿನ್ನಪ್ಪನಿಗೆ ಗೊತ್ತಾ ಅಂತ ಕೇಳುವವರು, ತಾನೂ ಬಳಿಯುತ್ತೇನೆ ಅಂತ ಬರುವ ಮಕ್ಕಳು. ರಸ್ತೆಯಲ್ಲಿ ಹೆಂಗಸು ಕೆಲಸ ಮಾಡುತ್ತಾ ನಿಂತದ್ದನ್ನು ಅಷ್ಟು ಹೊತ್ತು ಅವರು ನೋಡಲೇಬೇಕು.

ಅಲ್ಲಿಂದ ನನಗೆ ಮದುವೆಗೆ ಚಿತ್ತಾರ ಬರೆಯುವ ನಮ್ಮ ಹಸೆ ಗೋಡೆ ನೆನಪಾಯಿತು. ನೀನೂ ದೊಡ್ಡಮ್ಮನೂ ಕೆಮ್ಮಣ್ಣು ಬಳಿದು, ಅಕ್ಕಿ ಅರೆದು, ಪುಂಡಿ ನಾರಿನಲ್ಲಿ ಎಳೆಯುವ ಗೆರೆಯ ಮುಂದೆ ಇಲ್ಲಿನ ಎಷ್ಟೋ ಚಿತ್ರ ಸಪ್ಪೆ. ಆದರೆ ನಮ್ಮದೆಲ್ಲ ಒಳಗೋಡೆ. ಮದುವೆ ಮನೆಗೆ ಬಂದವರು ನೋಡಿ ಚೆನ್ನಾಗಿದೆ ಅಂದು ಊಟಕ್ಕೆ ಏಳುತ್ತಾರೆ, ಬರೆದದ್ದು ಯಾರು ಅಂತ ಯಾರೂ ಕೇಳುವುದಿಲ್ಲ.

ತಂಗಿ ಮೆಸೇಜ್ ಮಾಡಿದ್ದಳು. ಕಾಲೇಜಿನ ಕಾಂಪೌಂಡಿಗೆ ಚಿತ್ತಾರ ಬರೆಯಲು ಕೇಳಿದ್ದಾರಂತೆ. ಬಸ್ ನಿಲ್ಲುವ ಜಾಗ, ನಾಲ್ಕು ಜನ ನೋಡುತ್ತಾರೆ, ಬೇಡ ಅಂದರಂತೆ ಅಪ್ಪ. ಅಪ್ಪ, ಆ ನಾಲ್ಕು ಜನ ನೋಡಲಿ. ಅವಳು ಬರೆಯಲಿ, ಮೂಲೆಯಲ್ಲಿ ಹೆಸರೂ ಹಾಕಲಿ. ಏಣಿ ಅಲ್ಲಾಡದಂತೆ ನೀವು ಹಿಡಿದುಕೊಂಡರೆ ಸಾಕು. ಅಮ್ಮ, ನೀನೂ ಹೋಗು, ಅವಳ ಗೆರೆ ಸೊಟ್ಟ ಹೋಗುತ್ತದೆ.

ಈ ತಿಂಗಳ ಹಣದಲ್ಲಿ ಬಣ್ಣಕ್ಕೂ ಸೇರಿಸಿ ಕಳಿಸಿದ್ದೇನೆ. ಹೊರಗೋಡೆಗೆ ಅಕ್ಕಿ ಹಿಟ್ಟು ಬೇಡ, ನಮ್ಮ ಮಳೆಗೆ ಒಂದೇ ವಾರದಲ್ಲಿ ತೊಳೆದು ಹೋಗುತ್ತದೆ. ಸಾಗರದ ಪೇಟೆಯಲ್ಲಿ ಎಕ್ಸ್‌ಟೀರಿಯರ್ ಪೇಂಟ್ ಕೇಳಿ ತಗೊಳ್ಳಿ. ಮಳೆಗಾಲಕ್ಕೆ ಮುಂಚೆ ಮುಗಿಸಿ.

ಇಂತಿ,
ನಿನ್ನ ದೊಡ್ಡ ಮಗಳು