ನೋಡದ ಪದರಕ್ಕೆ ಸಹಿ

ಕೋಥ್ರೂಡ್, ಪುಣೆ

ಚಿ. ಪುಟ್ಟುವಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮನಿಂದ ತಿಳಿಯುತ್ತಲೇ ಇರುತ್ತದೆ. ಆದರೆ ಪತ್ರದ ಕೊನೆಯಲ್ಲಿ ನೀನು ಬರೆದ ಒಂದು ಸಾಲು ರಾತ್ರಿಯೆಲ್ಲ ಕೊರೆಯಿತು. ಟೆಸ್ಟ್ ಆಗದ ಮಣ್ಣಿನ ಪದರಕ್ಕೆ ಸಹಿ ಹಾಕು ಎನ್ನುತ್ತಿದ್ದಾರೆ, ಹಾಕದಿದ್ದರೆ ಕೆಲಸ ಹೋದೀತು ಎಂದಿದ್ದೀಯಲ್ಲ, ಅದು. ಅಮ್ಮನಿಗೆ ಹೇಳಿರಲಾರೆ. ನಾನೂ ಹೇಳುವುದಿಲ್ಲ.

ರಸ್ತೆ ಕೆಲಸದಲ್ಲಿ ಇವತ್ತಿನ ಪದರವನ್ನು ನಾಳಿನದು ಮುಚ್ಚಿಬಿಡುತ್ತದೆ. ಆಮೇಲೆ ಅದನ್ನು ಕಂಡವರೆಂದು ಉಳಿಯುವುದು ಆ ಸಹಿ. ನೀನು ಹೆದರಿದ್ದು ಸರಿಯಾಗಿಯೇ ಇದೆ.

ನಾನು ಕೆಲಸ ಕಲಿತದ್ದು ಮೀರಜ್ ಕಡೆಯ ಒಬ್ಬ ಹಿರಿಯ ಲ್ಯಾಬ್ ಟೆಕ್ನಿಷಿಯನ್ ಕೈಕೆಳಗೆ. ರೋಲರ್ ಓಡಿದ ಮೇಲೆ ಮಣ್ಣು ಎಷ್ಟು ಬಿಗಿಯಾಗಿ ಕೂತಿದೆ ಎಂದು ನೋಡಲು ಅವರು ಮೊಣಕಾಲೂರಿ, ತಟ್ಟೆಯ ನಡುವಿನ ರಂಧ್ರದಲ್ಲಿ ಉಳಿಯಿಂದ ಗುಂಡಿ ತೋಡಿ, ಅಗೆದ ಮಣ್ಣು ಒಂದು ಚಿಟಿಕೆಯೂ ಚೆಲ್ಲದಂತೆ ತೂಗುತ್ತಿದ್ದರು. ಗುಂಡಿಯ ಅಳತೆ ತಿಳಿಯಲು ಸುರಿಯುವ ಸಿಲಿಂಡರಿನ ಮರಳು ಒಳಗಿಳಿದು ನಿಲ್ಲುವ ತನಕ ಯಾರೂ ಹತ್ತಿರ ಸುಳಿಯುವಂತಿಲ್ಲ. ನೆಲ ಅದುರಿದರೆ ಮರಳು ಹೆಚ್ಚು ಇಳಿದು ಲೆಕ್ಕ ತಪ್ಪುತ್ತದೆ. ಸಬ್‌ಗ್ರೇಡ್‌ಗೆ, ಅಂದರೆ ರಸ್ತೆಯ ತಳದ ಮಣ್ಣಿನ ಪದರಕ್ಕೆ, ಲ್ಯಾಬಿನಲ್ಲಿ ಕಂಡ ಗರಿಷ್ಠ ಸಾಂದ್ರತೆಯ ಶೇ. 97 ಬೇಕಾದಲ್ಲಿ 95 ಬಂದರೆ ರೋಲರನ್ನು ವಾಪಸ್ ಕರೆಸುತ್ತಿದ್ದರು. ಬೈಗುಳ ಬೇಕಾದಷ್ಟು ತಿಂದರು. ನಿವೃತ್ತರಾದ ಮೇಲೆ ಒಮ್ಮೆ ಹೋಗಿ ನೋಡಬೇಕೆಂದುಕೊಳ್ಳುತ್ತಲೇ ಇದ್ದೆ, ಅವರೇ ಹೋಗಿಬಿಟ್ಟರು. ಈಗ ಇದ್ದಿದ್ದರೆ ನಿನ್ನನ್ನು ಅವರ ಬಳಿಗೆ ಕಳಿಸುತ್ತಿದ್ದೆ.

ರಿಜಿಸ್ಟರಿನಲ್ಲಿವೆ ಎಂದು ನೀನು ಬರೆದ ಆ ಅಂಕಿಗಳು: 97.3, 97.5, 97.4. ನಿಜವಾದ ಮಣ್ಣು ಹೀಗೆ ಸಾಲುಗಟ್ಟಿ ನಿಲ್ಲುವುದಿಲ್ಲ ಪುಟ್ಟು. ತೇವ ಕೊಂಚ ಏರುಪೇರಾದರೂ ಒಂದು ಕಡೆ 94, ಇನ್ನೊಂದು ಕಡೆ 99. ತಿಳಿದವರು ಆ ಪುಟ ತೆರೆದರೆ ಸುಳ್ಳು ತಾನಾಗಿ ಗೊತ್ತಾಗುತ್ತದೆ, ಕೆಳಗೆ ನಿನ್ನ ಹೆಸರಿರುತ್ತದೆ. ಮಳೆಗಾಲ ಕಳೆದು, ಸೇತುವೆಗೆ ರಸ್ತೆ ಸೇರುವಲ್ಲಿ ಮಣ್ಣು ಕುಸಿದು, ಕತ್ತಲಲ್ಲಿ ಬೈಕಿನವನೊಬ್ಬ ಬಿದ್ದರೆ? ನನಗೆ ನಿದ್ದೆ ಬಾರದ್ದು ಇದಕ್ಕೇ.

ಕಂತು ಕಟ್ಟುವವನು ನೀನು. ದೂರದಲ್ಲಿ ಕುಳಿತು ಹೇಳುವುದು ನನಗೆ ಸುಲಭ. ಆದರೂ, ಮೇಲಿನ ಪದರ ಇನ್ನೂ ಬಿದ್ದಿಲ್ಲದಿದ್ದರೆ ಈಗಲೂ ಗುಂಡಿ ತೋಡಿ ನೋಡಬಹುದಲ್ಲ? ಕನ್ಸಲ್ಟೆಂಟ್ ಕಡೆಯ ಇಂಜಿನಿಯರಿಗೆ ಆರ್‌ಎಫ್‌ಐ, ಅಂದರೆ ಬಂದು ತಪಾಸಣೆ ಮಾಡಿ ಎಂಬ ಕೋರಿಕೆ, ಹೋಗಿದೆಯೇ ವಿಚಾರಿಸು. ಸಹಿ ಮಾಡಲೇಬೇಕೆಂದು ಹಟ ಹಿಡಿದರೆ, ‘ಪರೀಕ್ಷೆ ಆಗಿಲ್ಲ’ ಎಂದು ಬರೆದು, ಚೈನೇಜ್ (ರಸ್ತೆಯ ಆರಂಭದಿಂದ ಆ ಜಾಗಕ್ಕಿರುವ ದೂರ), ತಾರೀಖು ಹಾಕಿ ಸಹಿ ಮಾಡು. ಮೇಲಿನವರಿಗೆ ಹೇಳುವುದನ್ನು ಇಮೇಲಿನಲ್ಲೇ ಹೇಳು. ಇದಿಷ್ಟು ಸಾಲದು ಎಂದು ನನಗೂ ಗೊತ್ತು.

ಕೆಲಸ ಬಿಡುವ ಪ್ರಸಂಗ ಬಂದರೆ ಸ್ವಾರಗೇಟಿನ ಬಸ್ಸು ಹಿಡಿದು ನೇರ ನಮ್ಮ ಮನೆಗೆ ಬಾ. ಬೇರೆ ಕೆಲಸ ಸಿಗುವ ತನಕ ಕಂತು ನಾನು ಕಟ್ಟುತ್ತೇನೆ, ನಿನ್ನ ಅತ್ತೆಗೂ ಹೇಳಿಟ್ಟಿದ್ದೇನೆ. ಸೋಮವಾರ ಆ ರಿಜಿಸ್ಟರ್ ಮುಂದೆ ಬಂದಾಗ, ಪೆನ್ನು ತೆಗೆಯುವ ಮೊದಲು ನನಗೊಂದು ಫೋನ್ ಮಾಡು.

ಇಂತು ನಿನ್ನ,
ಸೋದರಮಾವ